ಮಾಡೆಲಿಂಗ್ ಆಂಪ್ ರೂಮಲ್ಲಿ ಚೆನ್ನಾಗಿದೆ, ರೆಕಾರ್ಡಿಂಗ್‌ನಲ್ಲಿ ಕೇಳೋಕಾಗ್ತಿಲ್ಲ. ತುಮಕೂರಿನವರು ಯಾರಾದರೂ ದಾರಿ ಹೇಳಿ

ಎಸ್‌ಎಸ್‌ಪುರಂ ಸ್ಟ್ರಾಟ್

ಎಲ್ಲರಿಗೂ ನಮಸ್ಕಾರ. ಸೆಕೆಂಡ್ ಹ್ಯಾಂಡ್‌ನಲ್ಲಿ ಒಂದು ಮಾಡೆಲಿಂಗ್ ಆಂಪ್ (ಬೇರೆ ಬೇರೆ ಗಿಟಾರ್ ಆಂಪ್‌ಗಳ ಶಬ್ದವನ್ನು ಡಿಜಿಟಲ್ ಆಗಿ ಅನುಕರಿಸುವ ಆಂಪ್) ತೆಗೆದುಕೊಂಡಿದ್ದೇನೆ. 12 ಇಂಚಿನ ಸ್ಪೀಕರ್, ಹಿಂದೆ ಯುಎಸ್‌ಬಿ ಇದೆ. ವಿಂಡೋಸ್ ಲ್ಯಾಪ್‌ಟಾಪ್, ರೀಪರ್ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್, ಮೂರು ಸಿಂಗಲ್ ಕಾಯಿಲ್ ಪಿಕಪ್ (ತಂತಿಯ ಕಂಪನ ಹಿಡಿಯುವ, ಒಂದೇ ಸುರುಳಿಯ ಭಾಗ) ಇರುವ ಸ್ಟ್ರಾಟ್ ಥರದ ಗಿಟಾರ್. ಎರಡು ಭಾವಗೀತೆಗೆ ಗಿಟಾರ್ ಪಾರ್ಟ್ ಮನೆಯಲ್ಲೇ ರೆಕಾರ್ಡ್ ಮಾಡಿ ಕೊಡಬೇಕು. ಹಾಡುವವರು ರೆಡಿ, ತಬಲಾದವರು ರೆಡಿ, ನಾನೊಬ್ಬನೇ ಬಾಕಿ.

ತೊಂದರೆ ಮೂರು. ರೂಮಲ್ಲಿ ಕೂತು ನುಡಿಸಿದರೆ ಟೋನ್ ಸೂಪರ್ ಆಗಿದೆ. ಅದೇ ಸೆಟ್ಟಿಂಗ್ ಯುಎಸ್‌ಬಿಯಲ್ಲಿ ರೆಕಾರ್ಡ್ ಮಾಡಿ ಕೇಳಿದರೆ ತಗಡಿನ ಡಬ್ಬದಲ್ಲಿ ಜೀರುಂಡೆ ಕೂಡಿಹಾಕಿದ ಹಾಗಿದೆ. ಎರಡನೆಯದು, ನುಡಿಸುವಾಗ ಹೆಡ್‌ಫೋನ್‌ನಲ್ಲಿ ಪ್ರತಿ ಸ್ವರ ಎರಡು ಸಲ ಕೇಳಿಸುತ್ತದೆ. ಮೂರನೆಯದು ಗುಂಯ್ ಅನ್ನುವ ಹಮ್. ಕರೆಂಟ್ ಹೋಗಿ ಇನ್ವರ್ಟರ್ ಬಂದರೆ ಅದು ಹಮ್ ಅಲ್ಲ, ಗರಗಸ.

ಆಂಪ್ ಮಾರಿ ಬೇರೆ ತೆಗೆದುಕೊಳ್ಳಲಾ?

ಕ್ಯಾತ್ಸಂದ್ರ ಕೇಬಲ್

ಮಾರಬೇಡಿ. ಇದರಲ್ಲಿ ಆಂಪ್‌ನ ತಪ್ಪು ಕಡಿಮೆ.

ಮೊದಲು ಎರಡನೆಯ ತೊಂದರೆ, ಅದು ಒಂದು ಕ್ಲಿಕ್‌ನ ಕೆಲಸ. ನಿಮ್ಮ ಹೆಡ್‌ಫೋನ್ ಆಂಪ್‌ಗೆ ಚುಚ್ಚಿದೆ, ಅಲ್ವಾ? ಗಿಟಾರ್ ಶಬ್ದ ಆಂಪ್‌ನಿಂದ ನೇರವಾಗಿ ಒಮ್ಮೆ ಬರುತ್ತದೆ. ಅದೇ ಶಬ್ದ ಯುಎಸ್‌ಬಿಯಲ್ಲಿ ಲ್ಯಾಪ್‌ಟಾಪ್‌ಗೆ ಹೋಗಿ, ರೀಪರ್ ಒಳಗೆ ಸುತ್ತಿ, ಮತ್ತೆ ಆಂಪ್‌ಗೆ ಬರುತ್ತದೆ. ಟ್ರ್ಯಾಕ್ ಮೇಲೆ ರೆಕಾರ್ಡ್ ಮಾನಿಟರಿಂಗ್ ಅಂತ ಸಣ್ಣ ಸ್ಪೀಕರ್ ಗುರುತು ಇದೆ. ಅದನ್ನು ಆಫ್ ಮಾಡಿ. ಎರಡನೇ ಸ್ವರ ಮಾಯ.

ಲೇಟೆನ್ಸಿ, ಅಂದರೆ ಶಬ್ದ ತಡವಾಗಿ ಬರುವುದರ ಬಗ್ಗೆ ಜನ ಸುಮ್ನೆ ಹೆದರುತ್ತಾರೆ. ಬಫರ್ (ಲ್ಯಾಪ್‌ಟಾಪ್ ಒಂದು ಸಲಕ್ಕೆ ಕೂಡಿಟ್ಟುಕೊಳ್ಳುವ ಶಬ್ದದ ತುಣುಕು) 512 ಸ್ಯಾಂಪಲ್ ಇಟ್ಟು, ಸೆಕೆಂಡಿಗೆ 44,100 ಸ್ಯಾಂಪಲ್‌ನ ರೇಟ್‌ನಲ್ಲಿ ರೆಕಾರ್ಡ್ ಮಾಡಿದರೆ ಒಂದು ಕಡೆಗೆ ಸುಮಾರು 11.6 ಮಿಲಿಸೆಕೆಂಡ್. 128 ಇಟ್ಟರೆ 2.9. ಗಾಳಿಯಲ್ಲಿ ಶಬ್ದ ಒಂದು ಮೀಟರ್ ಹೋಗುವುದಕ್ಕೂ ಹೆಚ್ಚುಕಮ್ಮಿ 3 ಮಿಲಿಸೆಕೆಂಡ್ ಬೇಕು. ಸ್ಟೇಜ್ ಮೇಲೆ ಆಂಪ್‌ನಿಂದ ನಾಲ್ಕು ಮೀಟರ್ ದೂರ ನಿಂತವನು 12 ಮಿಲಿಸೆಕೆಂಡ್ ತಡವಾಗಿಯೇ ಕೇಳಿಸಿಕೊಳ್ಳುತ್ತಾನೆ. ಹೇಗೂ ನಿಮ್ಮ ಕಿವಿಗೆ ಆಂಪ್‌ನಿಂದ ನೇರವಾಗಿ ಶಬ್ದ ಬರುತ್ತಿರುವಾಗ ಬಫರ್ ಎಷ್ಟಿದ್ದರೇನು?

ಡ್ರೈವರ್ ಮಾತ್ರ ಆಂಪ್ ಕಂಪನಿಯ ಆಸಿಯೋ (ವಿಂಡೋಸ್‌ನಲ್ಲಿ ರೆಕಾರ್ಡಿಂಗ್‌ಗೆ ಬಳಸುವ) ಡ್ರೈವರನ್ನೇ ಹಾಕಿಕೊಳ್ಳಿ. ಪ್ರಾಜೆಕ್ಟ್‌ನ ಸ್ಯಾಂಪಲ್ ರೇಟ್ ಮತ್ತು ಆಂಪ್‌ನದ್ದು ಒಂದೇ ಇರಲಿ. ಒಂದು 44.1 ಕಿಲೋಹರ್ಟ್ಸ್, ಇನ್ನೊಂದು 48 ಆದರೆ ಟಪ್ ಟಪ್ ಶಬ್ದ ಶುರುವಾಗುತ್ತದೆ. ಇಲ್ಲವೇ ಶ್ರುತಿಯೇ ಆಚೀಚೆ ಆಗುತ್ತದೆ.

ತಿಪಟೂರು ಕೊಬ್ಬರಿ

ಇನ್ನೊಂದು ಸೇರಿಸಿ ಗುರುಗಳೇ. ವಿಂಡೋಸ್‌ನಲ್ಲಿ ಡೀಫಾಲ್ಟ್ ಸೌಂಡ್ ಡಿವೈಸ್ ಬೇರೆ ಇಡಿ. ನನ್ನ ಫ್ರೆಂಡ್ ಒಬ್ಬ ಲೀಡ್ ನುಡಿಸುತ್ತಾ ಕಣ್ಣು ಮುಚ್ಚಿ ತಲೆದೂಗುತ್ತಿದ್ದ. ಅಷ್ಟರಲ್ಲಿ ವಾಟ್ಸಾಪ್ ಟಿಂಗ್ ಅಂತ 12 ಇಂಚಿನ ಸ್ಪೀಕರ್‌ನಲ್ಲಿ ಫುಲ್ ವಾಲ್ಯೂಮ್ ಬಂತು. ಮನೆಯವರೆಲ್ಲ ಎದ್ದು ಬಂದರು.

ಆರ್ಕೆಸ್ಟ್ರಾ ಹಳೇಹುಲಿ

ಡಿಜಿಟಲ್ ಆಂಪ್ ಅಂದರೇನೇ ನಕಲಿ. ಗಣೇಶನ ಪೆಂಡಾಲ್‌ಗಳಲ್ಲಿ, ರಾಜ್ಯೋತ್ಸವದ ಸ್ಟೇಜ್‌ಗಳಲ್ಲಿ ಎಷ್ಟೋ ವರ್ಷ ನುಡಿಸಿದ್ದೇನೆ. ಒಂದು ಆಂಪ್, ಒಂದು ಮೈಕ್, ಮುಗೀತು. ಯುಎಸ್‌ಬಿ ಬಿಡು ತಮ್ಮಾ, ಮುಂದೆ ಮೈಕ್ ಇಡು.

ಕ್ಯಾತ್ಸಂದ್ರ ಕೇಬಲ್

ಅಣ್ಣಾ, ನಕಲಿ ಅನ್ನುವುದು ಹಳೇ ಮಾತು. ಲೈನ್ 6 ಕಂಪನಿಯವರು 1996ರಲ್ಲೇ ಮಾಡೆಲಿಂಗ್ ಆಂಪ್ ತಂದರು, 1998ರಲ್ಲಿ ಕಿಡ್ನಿ ಆಕಾರದ ಪಾಡ್ ಅನ್ನುವ ಮಾಡೆಲಿಂಗ್ ಪೆಟ್ಟಿಗೆ ಬಂತು. ಹಳೇ ಆಂಪ್‌ನ ವಾಲ್ವ್ ಯಾವಾಗ ಶಬ್ದ ಒಡೆಯುತ್ತದೆ, ಟೋನ್ ಕಂಟ್ರೋಲ್ ಒಂದನ್ನೊಂದು ಹೇಗೆ ಎಳೆಯುತ್ತದೆ, ಎಲ್ಲವನ್ನೂ ಒಂದು ಚಿಪ್ ಲೆಕ್ಕ ಹಾಕುತ್ತದೆ. ಈಗಿನವು ಮನೆ ರೆಕಾರ್ಡಿಂಗ್‌ಗೆ ಧಾರಾಳ ಸಾಕು.

ಈಗ ಜೀರುಂಡೆಗೆ ಬರೋಣ. ಎರಡು ಕಾರಣ ಇರಬಹುದು.

ಒಂದು, ಗಿಟಾರ್ ಸ್ಪೀಕರ್ ಅನ್ನುವುದು ಹಾಡು ಕೇಳುವ ಸ್ಪೀಕರ್ ಅಲ್ಲ. ಸುಮಾರು 5,000 ಹರ್ಟ್ಸ್ ದಾಟಿದ ಮೇಲೆ ಅದರ ಶಬ್ದ ಬೇಗ ಇಳಿದುಬಿಡುತ್ತದೆ. ಡಿಸ್ಟಾರ್ಷನ್‌ನ ಮೇಲಿನ ಗರಗರ ಎಲ್ಲ ಅಲ್ಲೇ ಸೋಸಿ ಹೋಗುತ್ತದೆ. ಯುಎಸ್‌ಬಿಯಲ್ಲಿ ಸ್ಪೀಕರೇ ಇಲ್ಲವಲ್ಲ. ಅದಕ್ಕೆ ಕ್ಯಾಬಿನೆಟ್ ಸಿಮ್ಯುಲೇಷನ್, ಅಂದರೆ ಸ್ಪೀಕರ್ ಪೆಟ್ಟಿಗೆಯ ಶಬ್ದದ ಅನುಕರಣೆ ಬೇಕು. ಆಂಪ್‌ನ ಸಾಫ್ಟ್‌ವೇರ್ ತೆಗೆದು ಲೈನ್ ಔಟ್ ಅಥವಾ ಯುಎಸ್‌ಬಿ ಸೆಟ್ಟಿಂಗ್‌ನಲ್ಲಿ ಅದು ಆನ್ ಇದೆಯಾ ನೋಡಿ. ಆನ್ ಇದ್ದು, ಮೇಲಿಂದ ರೀಪರ್‌ನಲ್ಲೂ ಒಂದು ಕ್ಯಾಬ್ ಪ್ಲಗ್ಇನ್ ಹಾಕಿದರೆ ಕಂಬಳಿ ಹೊದ್ದ ಶಬ್ದ ಬರುತ್ತದೆ. ಒಂದೇ ಇರಲಿ.

ಎರಡನೇ ಕಾರಣ ಇನ್ನೂ ಮಜವಾಗಿದೆ. ನಿಮ್ಮ ಆಂಪ್ ನೆಲದ ಮೇಲಿದೆಯಾ?

ಎಸ್‌ಎಸ್‌ಪುರಂ ಸ್ಟ್ರಾಟ್

ಹೌದು, ನೆಲದ ಮೇಲೆ, ಮಂಚದ ಪಕ್ಕ. ನಾನು ಮಂಚದ ಮೇಲೆ ಕೂತು ನುಡಿಸುತ್ತೇನೆ. ಕ್ಯಾಬ್ ಸಿಮ್ಯುಲೇಷನ್ ನೋಡಿದೆ, ಆನ್ ಇದೆ. ಮಾನಿಟರಿಂಗ್ ಆಫ್ ಮಾಡಿದ್ದಕ್ಕೆ ಡಬಲ್ ಶಬ್ದ ಹೋಯಿತು, ಥ್ಯಾಂಕ್ಸ್.

ಕ್ಯಾತ್ಸಂದ್ರ ಕೇಬಲ್

ಹಾಗಾದರೆ ಇದೇ. 12 ಇಂಚಿನ ಸ್ಪೀಕರ್‌ನ ಕೆಳಗಿನ ಸ್ವರಗಳು ರೂಮೆಲ್ಲ ಹರಡುತ್ತವೆ. ಮೇಲಿನ ಚೂಪು ಮಾತ್ರ ಟಾರ್ಚ್ ಹಾಕಿದಷ್ಟೇ ನೇರಕ್ಕೆ ಹೋಗುತ್ತದೆ. ಆಂಪ್ ನೆಲದ ಮೇಲಿದ್ದರೆ ಅದು ನಿಮ್ಮ ಮೊಣಕಾಲಿಗೆ ಹೊಡೆಯುತ್ತದೆ. ಕಿವಿಗೆ ಮೆತ್ತಗಿನ ಶಬ್ದ ಬರುತ್ತದೆ. ಸಾಲದು ಅಂತ ಟ್ರೆಬಲ್ ಏರಿಸುತ್ತೀರಿ, ಪ್ರೆಸೆನ್ಸ್ ಏರಿಸುತ್ತೀರಿ. ಯುಎಸ್‌ಬಿಯಲ್ಲಿ ಹೋಗುವುದು ಸ್ಪೀಕರ್ ಮೂತಿಗೆ ಮೈಕ್ ಇಟ್ಟ ಲೆಕ್ಕದ ಶಬ್ದ. ನೀವು ಏರಿಸಿದ್ದೆಲ್ಲ ಅಲ್ಲಿ ಪೂರ್ತಿ ಬೀಳುತ್ತದೆ.

ಪರೀಕ್ಷೆ ಬೇಕಿದ್ದರೆ ಆಂಪನ್ನು ಮೇಜಿನ ಮೇಲಿಟ್ಟು ಕಿವಿಯ ಎತ್ತರಕ್ಕೆ ತನ್ನಿ, ಎದುರಿಗೆ ಕೂತು ಅದೇ ಸೆಟ್ಟಿಂಗ್ ನುಡಿಸಿ. ಅರ್ಧ ನಿಮಿಷ ಕೂರೋಕಾಗಲ್ಲ.

ರೂಮಿಗೆ ಒಂದು ಪ್ಯಾಚ್ (ಸೇವ್ ಮಾಡಿಟ್ಟ ಸೆಟ್ಟಿಂಗ್), ರೆಕಾರ್ಡಿಂಗ್‌ಗೆ ಬೇರೆ ಪ್ಯಾಚ್. ಎರಡನ್ನೂ ಒಂದೇ ಅಂದುಕೊಂಡರೆ ಯಾವ ಬೆಲೆಯ ಆಂಪ್ ತಂದರೂ ಇದೇ ಕತೆ. ರೆಕಾರ್ಡಿಂಗ್ ಪ್ಯಾಚನ್ನು ಹೆಡ್‌ಫೋನ್‌ನಲ್ಲೇ ಕಟ್ಟಿ. ಗೇನ್ ಈಗ ಇರುವುದರ ಅರ್ಧಕ್ಕೆ ಇಳಿಸಿ. ರಿವರ್ಬ್ (ಗುಂಗಿನ ಎಫೆಕ್ಟ್) ಪೂರ್ತಿ ತೆಗೆಯಿರಿ, ಅದನ್ನು ಆಮೇಲೆ ಹಾಕಬಹುದು. ಒಂಟಿಯಾಗಿ ಕೇಳಿದಾಗ ಸ್ವಲ್ಪ ಸಪ್ಪೆ ಅನ್ನಿಸಬೇಕು. ತಬಲಾ, ದನಿ ಸೇರಿದ ಮೇಲೆ ಅದೇ ಸರಿಯಾಗಿ ಕೂರುತ್ತದೆ.

ರೀಪರ್‌ನಲ್ಲಿ ಇಕ್ಯೂ (ಬೇಸ್, ಟ್ರೆಬಲ್ ಏರಿಸಿ ಇಳಿಸುವ ಪ್ಲಗ್ಇನ್) ಹಾಕಿ 80ರಿಂದ 100 ಹರ್ಟ್ಸ್‌ನ ಕೆಳಗೆ ಕತ್ತರಿಸಿ. ದಪ್ಪ ಇ ತಂತಿಯೇ 82 ಹರ್ಟ್ಸ್. ಅದರ ಕೆಳಗೆ ಇರುವುದು ಬರೀ ಗುಡುಗುಡು. ಮೇಲೆ 7,000 ಆಸುಪಾಸಿನಿಂದ ಇಳಿಸಿ.

ವಾಲ್ಯೂಮ್ ಇನ್ನೊಂದು ಮೋಸ. ಸಣ್ಣ ಶಬ್ದದಲ್ಲಿ ನಮ್ಮ ಕಿವಿಗೆ ಬೇಸ್ ಕಡಿಮೆ ಕೇಳುತ್ತದೆ. ಫ್ಲೆಚರ್, ಮನ್ಸನ್ ಅಂತ ಇಬ್ಬರು 1933ರಲ್ಲೇ ಇದನ್ನು ಅಳೆದು ಬರೆದಿಟ್ಟಿದ್ದಾರೆ. ರಾತ್ರಿ ಮೆಲ್ಲಗೆ ಇಟ್ಟುಕೊಂಡು ಬೇಸ್ ಏರಿಸಿ ಮಾಡಿದ ಪ್ಯಾಚ್ ಬೆಳಿಗ್ಗೆ ಜೋರಾಗಿ ಕೇಳಿದರೆ ದೊಂಯ್ ಅನ್ನುತ್ತದೆ.

ಆರ್ಕೆಸ್ಟ್ರಾ ಹಳೇಹುಲಿ

ಇಷ್ಟೆಲ್ಲ ಲೆಕ್ಕ ಯಾಕೆ? ನನ್ನ ಮಾತು ಕೇಳು ತಮ್ಮಾ. ಬೀರು ಬಾಗಿಲು ತೆಗಿ. ಒಳಗೆ ಸೀರೆ, ಬೆಡ್‌ಶೀಟ್ ತುಂಬಿರುತ್ತದೆ. ಅದರ ಕಡೆಗೆ ಮುಖ ಮಾಡಿ ಆಂಪ್ ಇಡು. ಮಧ್ಯೆ ಎಸ್‌ಎಂ57 ಮೈಕ್ ಇಡು, ಬಲೆಯಿಂದ ಎರಡು ಬೆರಳು ದೂರ. ಸ್ಪೀಕರ್ ನಡುವಿನ ಗುಬುಟಿಗೆ ನೇರ ಇಟ್ಟರೆ ಚೂಪು, ಅಂಚಿಗೆ ಸರಿಸಿದರೆ ಮಬ್ಬು. ಗುಬುಟಿ ಮುಗಿದು ಕಾಗದದ ಕೋನ್ ಶುರುವಾಗುತ್ತದಲ್ಲ, ಅಲ್ಲಿಂದ ಶುರು ಮಾಡು. ಅರ್ಧ ಇಂಚು ಸರಿಸಿದರೂ ಟೋನ್ ಬದಲಾಗುತ್ತದೆ. ನಾಬ್ ತಿರುಗಿಸೋ ಬದಲು ಮೈಕ್ ಸರಿಸು.

ಆ ಮೈಕ್ 1965ರಿಂದ ಇದೆ. ಪ್ರಪಂಚದ ಅರ್ಧ ಗಿಟಾರ್ ಅದರಲ್ಲೇ ರೆಕಾರ್ಡ್ ಆಗಿದೆ.

ಎಸ್‌ಎಸ್‌ಪುರಂ ಸ್ಟ್ರಾಟ್

ಅಣ್ಣಾ, ಮೈಕ್ ಇದ್ದರೂ ಅದನ್ನು ಲ್ಯಾಪ್‌ಟಾಪ್‌ಗೆ ಸೇರಿಸೋಕೆ ಆಡಿಯೋ ಇಂಟರ್‌ಫೇಸ್ ಬೇರೆ ಬೇಕು. ಮನೆ ರಸ್ತೆ ಬದಿಗಿದೆ. ಬಸ್ ಹಾರ್ನ್, ಕುಕ್ಕರ್ ಸೀಟಿ, ತರಕಾರಿ ಗಾಡಿಯ ಮೈಕ್, ಎಲ್ಲವೂ ಭಾವಗೀತೆಯಲ್ಲಿ ಸೇರುತ್ತದೆ.

ಆರ್ಕೆಸ್ಟ್ರಾ ಹಳೇಹುಲಿ

ಅದು ನಿಜ. ಬೆಳಗಿನ ಜಾವ ಮಾಡು ಅಂದರೆ ಮನೆಯಲ್ಲಿ ಬೈಯುತ್ತಾರೆ. ಆದರೂ ಒಂದು ಸಲ ಮೈಕ್ ಇಟ್ಟು ನೋಡು, ಗಾಳಿ ತಳ್ಳುವ ಆ ಶಬ್ದ ಬೇರೆಯೇ. ನಾನು ಬಿಟ್ಟುಕೊಡುವುದಿಲ್ಲ.

ಗುಬ್ಬಿ ಗೇಟ್ ವೈರ್‌ಮನ್

ಗಿಟಾರ್ ನನಗೆ ಗೊತ್ತಿಲ್ಲ. ತಮ್ಮನ ಮಗ ನುಡಿಸುತ್ತಾನೆ, ಅವನೇ ಈ ಚರ್ಚೆ ತೋರಿಸಿದ. ಹಮ್ ವಿಷಯಕ್ಕೆ ನಾನು ಹೇಳಬಲ್ಲೆ.

ಮೊದಲು ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ ನೋಡಿ. ಶಬ್ದ ಕಡಿಮೆಯಾದರೆ ಕಾರಣ ಚಾರ್ಜರ್. ರೆಕಾರ್ಡ್ ಮಾಡುವಷ್ಟು ಹೊತ್ತು ಬ್ಯಾಟರಿಯಲ್ಲೇ ಇರಲಿ.

ಆಮೇಲೆ ಫ್ಯಾನ್ ರೆಗ್ಯುಲೇಟರ್. ಸುಮ್ನೆ ತಿರುಗುವ, ಟಕ್ ಟಕ್ ಅನ್ನದ ರೆಗ್ಯುಲೇಟರ್ ಆದರೆ ಒಳಗೆ ಟ್ರಯಾಕ್ ಅನ್ನುವ ಎಲೆಕ್ಟ್ರಾನಿಕ್ ಸ್ವಿಚ್ ಇರುತ್ತದೆ. ಅದು ಕರೆಂಟಿನ ಅಲೆಯನ್ನು ಪ್ರತಿ ಸಲ ಅರ್ಧದಲ್ಲಿ ಕತ್ತರಿಸುತ್ತದೆ. ಅದರ ಗೊಂಯ್ ಪಿಕಪ್‌ಗೆ ಹೋಗುತ್ತದೆ. ಫ್ಯಾನ್ ಆಫ್ ಮಾಡಿ ನೋಡಿ. ಸೆಕೆ ತಡೆಯೋಕಾಗಲ್ಲ ಅಂದರೆ ಟಕ್ ಟಕ್ ಅಂತ ತಿರುಗುವ ಸ್ಟೆಪ್ ರೆಗ್ಯುಲೇಟರ್ ಹಾಕಿಸಿ, ಅದರಲ್ಲಿ ಕೆಪಾಸಿಟರ್ ಇರುತ್ತದೆ, ಈ ಶಬ್ದ ಮಾಡಲ್ಲ.

ಇನ್ವರ್ಟರ್ ಹಳೇದಾದರೆ ಚೌಕ ಅಲೆ ಕೊಡುತ್ತದೆ. ಬಲ್ಬ್, ಫ್ಯಾನಿಗೆ ಓಕೆ. ನಿಮ್ಮ ಕೆಲಸಕ್ಕೆ ಪ್ಯೂರ್ ಸೈನ್ ವೇವ್ ಬೇಕು. ಪಾವಗಡದಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇಟ್ಟುಕೊಂಡ ಜಿಲ್ಲೆ ನಮ್ಮದು, ಆದರೂ ಇನ್ವರ್ಟರ್ ಮಾತಾಡುತ್ತಿದ್ದೇವೆ ನೋಡಿ.

ಮುಖ್ಯವಾದ ಪ್ರಶ್ನೆ: ತಂತಿ ಮುಟ್ಟಿದರೆ ಹಮ್ ಕಡಿಮೆಯಾಗುತ್ತದಾ, ಇಲ್ಲಾ ಕೈಗೆ ಜುಂ ಅನ್ನುತ್ತದಾ?

ಎಸ್‌ಎಸ್‌ಪುರಂ ಸ್ಟ್ರಾಟ್

ಕಡಿಮೆಯಾಗುತ್ತದೆ ಸಾರ್. ಆದರೆ ಬರಿಗಾಲಲ್ಲಿ ಇದ್ದಾಗ ಒಮ್ಮೊಮ್ಮೆ ಸಣ್ಣಗೆ ಜುಂ ಅಂದ ಹಾಗೆ ಆಗುತ್ತದೆ.

ಗುಬ್ಬಿ ಗೇಟ್ ವೈರ್‌ಮನ್

ಹಾಗಾದರೆ ಗಿಟಾರ್ ಕೆಳಗಿಡಿ. ಅರ್ಥಿಂಗ್ ನೋಡಿಸುವ ತನಕ ಆಂಪ್ ಆನ್ ಮಾಡಬೇಡಿ.

ತಂತಿಗಳು ಬ್ರಿಡ್ಜ್ ಮೂಲಕ ಆಂಪ್‌ನ ಅರ್ಥ್‌ಗೆ ಸೇರಿರುತ್ತವೆ. ಗೋಡೆಯ ಸಾಕೆಟ್‌ನಲ್ಲಿ ಮೂರನೇ ತೂತು ಇದೆ ಅಂದ ಮಾತ್ರಕ್ಕೆ ಅದರ ಹಿಂದೆ ವೈರ್ ಇದೆ ಅಂತಲ್ಲ. ಹಳೇ ಮನೆಗಳಲ್ಲಿ ಎಷ್ಟೋ ಕಡೆ ಬರೀ ತೂತು. ಎಲೆಕ್ಟ್ರಿಶಿಯನ್ ಕರೆಸಿ ಮೀಟರ್ ಇಟ್ಟು ನೋಡಿಸಿ. ಫೇಸ್ ಮತ್ತು ಅರ್ಥ್ ಮಧ್ಯೆ ಸುಮಾರು 230 ವೋಲ್ಟ್ ಬರಬೇಕು. ನ್ಯೂಟ್ರಲ್ ಮತ್ತು ಅರ್ಥ್ ಮಧ್ಯೆ ಒಂದೆರಡು ವೋಲ್ಟ್ ಮಾತ್ರ. ಅಲ್ಲಿ ಹತ್ತಾರು ವೋಲ್ಟ್ ತೋರಿಸಿದರೆ ಅರ್ಥ್ ಕೆಟ್ಟಿದೆ. ಅರ್ಥ್ ಗುಂಡಿಯಲ್ಲಿ ಇದ್ದಿಲು, ಉಪ್ಪು ಇರುತ್ತದೆ. ನಮ್ಮ ಕಡೆ ನೆಲ ಬೇಸಿಗೆಯಲ್ಲಿ ಒಣಗಿ ಬಿರಿಯುತ್ತದೆ. ಗುಂಡಿಗೆ ನೀರು ಹಾಕುವುದನ್ನೇ ಜನ ಮರೆಯುತ್ತಾರೆ.

ಹಮ್ ಹೋಗುತ್ತದೆ ಅಂತ ಯಾರಾದರೂ ಆಂಪ್ ಪ್ಲಗ್‌ನ ದಪ್ಪ ಪಿನ್ ಕಿತ್ತುಹಾಕು ಅಂದರೆ ಅವರ ಮಾತು ಕೇಳಬೇಡಿ. ಶಬ್ದ ಹೋಗಬಹುದು, ಜೀವಾನೂ ಹೋಗಬಹುದು.

ರಾಬರ್ಟ್‌ಸನ್‌ಪೇಟೆ ರಿಫ್

ವೈರ್‌ಮನ್ ಸಾರ್ ಹೇಳಿದ್ದಕ್ಕೆ ನನ್ನದೊಂದು ಜೈ. 1902ರಲ್ಲೇ ಶಿವನಸಮುದ್ರದಿಂದ ಕರೆಂಟ್ ಬಂದ ಊರು ನಮ್ಮ ಕೆಜಿಎಫ್. ಆದರೂ ನಮ್ಮ ಮನೆಯ ಸಾಕೆಟ್‌ಗೂ ಅರ್ಥ್ ಇರಲಿಲ್ಲ, ಹೋದ ವರ್ಷ ಹಾಕಿಸಿದೆವು.

ಅರ್ಥ್ ಸರಿಯಾದ ಮೇಲೂ ಸಿಂಗಲ್ ಕಾಯಿಲ್ ಸ್ವಲ್ಪ ಗುಂಯ್ ಅಂದೇ ಅನ್ನುತ್ತದೆ. ಅದರ ಗುಣವೇ ಅದು. ಈ ಕಾಟಕ್ಕೇ ಗಿಬ್ಸನ್ ಕಂಪನಿಯ ಸೆತ್ ಲವರ್ 1955ರಲ್ಲಿ ಹಂಬಕರ್ ಮಾಡಿದ್ದು. ಎರಡು ಕಾಯಿಲ್ ಎದುರುಬದುರು ಸುತ್ತಿದರೆ ಹಮ್ ಒಂದನ್ನೊಂದು ಹೊಡೆದುಹಾಕುತ್ತದೆ. ನಿಮ್ಮ ಸ್ಟ್ರಾಟ್‌ನಲ್ಲಿ ನಡುವಿನ ಪಿಕಪ್ ಉಲ್ಟಾ ಸುತ್ತಿದ್ದರೆ, ಎರಡು ಪಿಕಪ್ ಒಟ್ಟಿಗೆ ಓಡುವ ಸ್ವಿಚ್‌ನ 2 ಮತ್ತು 4ನೇ ಜಾಗದಲ್ಲಿ ಅದೇ ಕೆಲಸ ಆಗುತ್ತದೆ. ಭಾವಗೀತೆಯ ಹಿನ್ನೆಲೆಗೆ ಆ ಟೋನೇ ಚೆಂದ. ಇಲ್ಲದಿದ್ದರೆ ಕುರ್ಚಿ ಸಮೇತ ನಿಧಾನಕ್ಕೆ ಸುತ್ತ ತಿರುಗಿ. ಒಂದು ದಿಕ್ಕಿನಲ್ಲಿ ಹಮ್ ತಟಕ್ಕನೆ ಇಳಿಯುತ್ತದೆ. ಅಲ್ಲೇ ಕೂತು ನುಡಿಸಿ, ವಾಸ್ತು ಗೀಸ್ತು ಆಮೇಲೆ.

ಇನ್ನೊಂದು. ಗಿಟಾರ್ ಎಡಕ್ಕೂ ಬಲಕ್ಕೂ ಬೇಕು ಅಂದರೆ ಒಂದೇ ಟೇಕ್ ಕಾಪಿ ಪೇಸ್ಟ್ ಮಾಡಬೇಡಿ. ಜೋರಾಗುತ್ತದೆಯೇ ಹೊರತು ಅಗಲ ಆಗಲ್ಲ. ಎರಡು ಸಲ ನುಡಿಸಬೇಕು. ಎರಡು ಟೇಕ್ ನಡುವಿನ ಸಣ್ಣ ವ್ಯತ್ಯಾಸದಿಂದಲೇ ಅಗಲ ಬರುವುದು.

ತಿಪಟೂರು ಕೊಬ್ಬರಿ

ಲೆವೆಲ್ ಎಷ್ಟಿರಬೇಕು? ನನ್ನ ಫ್ರೆಂಡ್ ಕೆಂಪು ಮುಟ್ಟಿದರೇ ಪವರ್ ಅನ್ನುತ್ತಾನೆ.

ಕ್ಯಾತ್ಸಂದ್ರ ಕೇಬಲ್

ಫ್ರೆಂಡ್‌ಗೆ ಹೇಳಿ, ಕೆಂಪು ಮುಟ್ಟಿದ ಟೇಕ್ ಡಸ್ಟ್‌ಬಿನ್‌ಗೆ. 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿ, ಜೋರಾಗಿ ನುಡಿಸಿದಾಗ ಮೈನಸ್ 12 ಡಿಬಿ ಆಸುಪಾಸು ಇದ್ದರೆ ಸಾಕು. ಮೇಲೆ ಬೇಕಾದಷ್ಟು ಜಾಗ ಇದೆ.

ಸ್ಟ್ರಾಟ್ ಅವರೇ, ನಿಮ್ಮ ಆಂಪ್ ಯುಎಸ್‌ಬಿಯಲ್ಲಿ ಎಷ್ಟು ಚಾನೆಲ್ ಕಳಿಸುತ್ತದೆ ಅಂತ ಮ್ಯಾನ್ಯುಯಲ್ ನೋಡಿ. ಕೆಲವು ಆಂಪ್‌ಗಳು ಎಫೆಕ್ಟ್ ಸಮೇತ ಶಬ್ದವನ್ನು ಎರಡು ಚಾನೆಲ್‌ನಲ್ಲೂ, ಏನೂ ಬೆರೆಯದ ಬರೀ ಗಿಟಾರನ್ನು ಇನ್ನೊಂದರಲ್ಲೂ ಕಳಿಸುತ್ತವೆ. ಹಾಗಿದ್ದರೆ ಎರಡೂ ಟ್ರ್ಯಾಕ್ ಒಟ್ಟಿಗೆ ರೆಕಾರ್ಡ್ ಮಾಡಿ. ನಾಳೆ ಟೋನ್ ಇಷ್ಟವಾಗಲಿಲ್ಲ ಅಂದರೆ ಮತ್ತೆ ನುಡಿಸಬೇಕಾಗಿಲ್ಲ. ಬರೀ ಗಿಟಾರ್ ಟ್ರ್ಯಾಕ್ ಮೇಲೆ ನ್ಯೂರಲ್ ಆಂಪ್ ಮಾಡೆಲರ್ ಅನ್ನುವ ಪ್ಲಗ್ಇನ್ ಹಾಕಿ ಬೇರೆ ಆಂಪ್ ಕೂರಿಸಬಹುದು. ಅದು ಉಚಿತ.

ವೀಣೆಯಿಂದ ಗಿಟಾರಿಗೆ, ಮಧುಗಿರಿ

ಇಲ್ಲಿ ಯಾರೂ ನಾಯ್ಸ್ ಗೇಟ್ (ಸಣ್ಣ ಶಬ್ದವನ್ನು ತಾನಾಗೇ ಮುಚ್ಚುವ ಎಫೆಕ್ಟ್) ಬಗ್ಗೆ ಹೇಳಲಿಲ್ಲ. ಹಮ್ ಅಂತ ಅದನ್ನು ಜಾಸ್ತಿ ಏರಿಸಿಬಿಡುತ್ತಾರೆ. ರಾಕ್ ರಿದಂಗೆ ನಡೆಯುತ್ತದೆ. ನಮ್ಮ ಸಂಗೀತಕ್ಕೆ ಅದೇ ಕತ್ತರಿ.

ಗಮಕ ಎಳೆಯುವಾಗ ಮೀಟುವುದು ಒಂದೇ ಸಲ. ಆಮೇಲೆ ತಂತಿ ಎಳೆದು ಮೇಲಿನ ಸ್ವರಕ್ಕೆ ಹೋಗಿ, ಅಲ್ಲಿ ತೂಗಿ, ಕೆಳಗೆ ಇಳಿಯಬೇಕು. ಇಳಿಯುವಷ್ಟರಲ್ಲಿ ಶಬ್ದ ಸಣ್ಣಗಾಗಿರುತ್ತದೆ. ಗೇಟ್ ಅದನ್ನು ಹಮ್ ಅಂದುಕೊಂಡು ಬಾಗಿಲು ಹಾಕುತ್ತದೆ. ಸ್ವರ ನಡುದಾರಿಯಲ್ಲಿ ಕೈಬಿಡುತ್ತದೆ. ನೀವು ಕೇಳುವಾಗ ನನ್ನ ಕೈ ಸರಿಯಿಲ್ಲ ಅಂದುಕೊಳ್ಳುತ್ತೀರಿ, ಕೈ ಸರಿಯಾಗೇ ಇರುತ್ತದೆ.

ಗೇಟ್ ಆಫ್ ಮಾಡಿ. ಬದಲಿಗೆ ಮೆತ್ತಗೆ ಒಂದು ಕಂಪ್ರೆಸರ್ (ಜೋರು ಸಣ್ಣ ಶಬ್ದದ ಅಂತರ ಕಡಿಮೆ ಮಾಡುವ ಎಫೆಕ್ಟ್) ಹಾಕಿ, ಸ್ವರ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತದೆ. ನುಡಿಸದ ಜಾಗದ ಹಮ್ ಇದ್ದರೆ ರೀಪರ್‌ನಲ್ಲಿ ಆ ತುಣುಕನ್ನು ಕೈಯಲ್ಲೇ ಕತ್ತರಿಸಿ. ಹತ್ತು ನಿಮಿಷದ ಕೆಲಸ. ತಂತಿ 9ರ ಸೆಟ್ (ತೆಳು ತಂತಿಗಳ ಸೆಟ್) ಹಾಕಿದರೆ ಎಳೆಯುವುದು ಹಗುರ.

ಹಾಡುವವರ ಶ್ರುತಿ ಎಷ್ಟು?

ಎಸ್‌ಎಸ್‌ಪುರಂ ಸ್ಟ್ರಾಟ್

ಐದೂವರೆ ಮನೆ ಅಂದಿದ್ದಾರೆ ಅಕ್ಕಾ. ಅರ್ಥಿಂಗ್‌ಗೆ ಎಲೆಕ್ಟ್ರಿಶಿಯನ್‌ಗೆ ಹೇಳಿದ್ದೇನೆ, ಶನಿವಾರ ಬರುತ್ತಾರೆ. ಅಲ್ಲಿಯ ತನಕ ಆಂಪ್ ಮುಟ್ಟಲ್ಲ.

ವೀಣೆಯಿಂದ ಗಿಟಾರಿಗೆ, ಮಧುಗಿರಿ

ಐದೂವರೆ ಅಂದರೆ ಜಿ ಶಾರ್ಪ್. ಒಂದನೇ ಫ್ರೆಟ್‌ಗೆ ಕೇಪೋ (ಎಲ್ಲ ತಂತಿಯನ್ನೂ ಒಟ್ಟಿಗೆ ಒತ್ತುವ ಕ್ಲಿಪ್) ಹಾಕಿ ಜಿ ಶೇಪ್ ನುಡಿಸಬಹುದು. ಆದರೆ ಎಲೆಕ್ಟ್ರಿಕ್ ಗಿಟಾರ್‌ನ ತೆಳು ತಂತಿಗೆ ಕೇಪೋ ಬಿಗಿಯಾದರೆ ಶ್ರುತಿ ಮೇಲಕ್ಕೆ ಹೋಗುತ್ತದೆ. ಹಾಕಿದ ಮೇಲೆ ಇನ್ನೊಮ್ಮೆ ಟ್ಯೂನ್ ಮಾಡಿ.

ಅದಕ್ಕಿಂತ ಮೊದಲು ಅವರು ಯಾವುದರ ಜೊತೆ ಹಾಡಿದ್ದಾರೆ ಕೇಳಿ. ಹಾರ್ಮೋನಿಯಂ ಆದರೆ ಅದು 440ಕ್ಕೆ (ಟ್ಯೂನರ್‌ಗಳು ಎ ಸ್ವರಕ್ಕೆ ಇಟ್ಟುಕೊಳ್ಳುವ ಹರ್ಟ್ಸ್ ಅಳತೆ) ಸರಿಯಾಗಿರುತ್ತದೆ ಅಂತ ಹೇಳೋಕಾಗಲ್ಲ. ಹಳೇ ಪೆಟ್ಟಿಗೆಗಳು ಒಂದಿಷ್ಟು ಮೇಲೆ ಕೆಳಗೆ ಇರುತ್ತವೆ. ಷಡ್ಜ ಹಿಡಿದು ಹತ್ತು ಸೆಕೆಂಡ್ ರೆಕಾರ್ಡ್ ಮಾಡಿ ಕಳಿಸಿ ಅನ್ನಿ. ಅದನ್ನು ಟ್ಯೂನರ್‌ಗೆ ಕೇಳಿಸಿ ಎಷ್ಟು ಸರಿದಿದೆ ನೋಡಿ, ಟ್ಯೂನರ್‌ನ 440 ಅನ್ನು ಅಷ್ಟೇ ಸರಿಸಿಕೊಳ್ಳಿ. ಆಮೇಲೆ ಗಿಟಾರ್ ಶ್ರುತಿ ಮಾಡಿ.

ಎಸ್‌ಎಸ್‌ಪುರಂ ಸ್ಟ್ರಾಟ್

ಇದು ತಲೆಗೇ ಹೊಳೆದಿರಲಿಲ್ಲ, ಹಾರ್ಮೋನಿಯಂ ಜೊತೆಗೇ ಹಾಡಿದ್ದಾರೆ. ಕೊನೆಯ ಪ್ರಶ್ನೆ. ಮಿಕ್ಸಿಂಗ್ ಬೆಂಗಳೂರಿನಲ್ಲಿ. ಫೈಲ್ ಹೇಗೆ ಕಳಿಸಲಿ? ವಾಟ್ಸಾಪ್‌ನಲ್ಲಿ ಆಡಿಯೋ ಕಳಿಸಿದರೆ ಆಗುತ್ತದಾ?

ಕ್ಯಾತ್ಸಂದ್ರ ಕೇಬಲ್

ಆಡಿಯೋ ಅಂತ ಕಳಿಸಬೇಡಿ. ವೇವ್ ಫೈಲ್, 24 ಬಿಟ್, ಅವರ ಪ್ರಾಜೆಕ್ಟ್‌ನ ಸ್ಯಾಂಪಲ್ ರೇಟ್ ಕೇಳಿ ಅದರಲ್ಲೇ. ಡ್ರೈವ್‌ಗೆ ಹಾಕಿ ಲಿಂಕ್ ಕೊಡಿ. ಗಿಟಾರ್ ಎರಡನೇ ಚರಣದಲ್ಲಿ ಶುರುವಾದರೂ ಫೈಲ್ ಮಾತ್ರ ಹಾಡಿನ ಸೊನ್ನೆಯಿಂದಲೇ ಶುರುವಾಗಲಿ. ಆಗ ಅವರು ಎಳೆದು ಹಾಕಿದರೆ ತಾನಾಗೇ ಜಾಗಕ್ಕೆ ಕೂರುತ್ತದೆ. ಎಫೆಕ್ಟ್ ಇರುವುದು ಒಂದು, ಬರೀ ಗಿಟಾರ್ ಒಂದು, ಎರಡೂ ಕಳಿಸಿ. ಫೈಲ್ ಹೆಸರಲ್ಲಿ ಹಾಡು, ಟೆಂಪೋ, ಶ್ರುತಿ ಬರೆಯಿರಿ. ‘ಫೈನಲ್ ಫೈನಲ್ ಹೊಸದು’ ಅಂತ ಕಳಿಸಿದರೆ ಅಲ್ಲಿನವರು ಫೋನ್ ಎತ್ತಲ್ಲ.